ಗೆದ್ದ ಮೇಲೆ ಮೈದಾನ ಯಾರದು?

ಪ್ರಶ್ನೆ: ನಾನು ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಮಗ ಅಮೆರಿಕದ ದಕ್ಷಿಣದ ರಾಜ್ಯವೊಂದರಲ್ಲಿ ಎಂ.ಎಸ್. ಓದುತ್ತಿದ್ದಾನೆ. ಕಳೆದ ಫುಟ್‌ಬಾಲ್ ಋತುವಿನಲ್ಲಿ ಅವನ ಕಾಲೇಜು ತಂಡ ದೊಡ್ಡ ತಂಡವೊಂದನ್ನು ಸೋಲಿಸಿದ ರಾತ್ರಿ ಸಾವಿರಾರು ಹುಡುಗರ ಜೊತೆ ಇವನೂ ಗೋಡೆ ಹಾರಿ ಮೈದಾನಕ್ಕೆ ಇಳಿದಿದ್ದಾನೆ. ವಿಡಿಯೊ ಕಳಿಸಿದ. ಅಲ್ಲಿಂದ ಕಿತ್ತು ತಂದ ಒಂದು ಹಿಡಿ ಹುಲ್ಲನ್ನು ಗಾಜಿನ ಲೋಟದಲ್ಲಿ ನೀರು ಹಾಕಿ ಇಟ್ಟುಕೊಂಡಿದ್ದಾನಂತೆ. ರಜೆಗೆ ಬರುವಾಗ ತರುತ್ತಾನಂತೆ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆದದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ಇಂಥ ವಿಡಿಯೊ ಕಂಡರೆ ನನ್ನ ಹೆಂಡತಿಗೆ ನಿದ್ದೆ ಬರುವುದಿಲ್ಲ. ಹೀಗೆ ನುಗ್ಗುವುದಕ್ಕೆ ಅಲ್ಲಿ ಅನುಮತಿ ಇದೆಯೇ? ಇಲ್ಲವೆಂದರೆ ಅಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕೆ ತಡೆಯಲು ಆಗುವುದಿಲ್ಲವೇ? ಅವನ ವೀಸಾಕ್ಕೆ ತೊಂದರೆ ಆಗಬಹುದೇ?

ಉತ್ತರ: ಮೇಷ್ಟರೇ, ನಿಯಮದ ಪುಸ್ತಕದಲ್ಲಿ ಅನುಮತಿ ಇಲ್ಲ, ಆ ರಾತ್ರಿ ತಡೆಯುವವರೂ ಇರುವುದಿಲ್ಲ. ಪುಸ್ತಕಕ್ಕೂ ರಾತ್ರಿಗೂ ನಡುವಿನ ಆ ಸಂದಿಯಲ್ಲಿ ನಾನು ಹನ್ನೊಂದು ಋತು ಕ್ರೀಡಾಂಗಣದ ಕಾವಲಿನವರ ಹಳದಿ ಜಾಕೆಟ್ ತೊಟ್ಟು ನಿಂತಿದ್ದೇನೆ. ಮೊದಲು ವಿದ್ಯಾರ್ಥಿಯಾಗಿ ಗಂಟೆ ಲೆಕ್ಕದ ಕೂಲಿಗೆ, ಆಮೇಲೆ ಜನಸಂದಣಿಯ ಸುರಕ್ಷತೆಯನ್ನೇ ವೃತ್ತಿಯಾಗಿ ಹಿಡಿದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನೀವು ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್‌ಗಳನ್ನು ನಡೆಸಿದವರು. ಕೊನೆಯ ರೈಡ್ ಮುಗಿದು ಸೀಟಿ ಊದಿದ ಮರುಗಳಿಗೆ ಸುಣ್ಣದ ಗೆರೆ ಎಲ್ಲಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ; ಹಗ್ಗ ಹಿಡಿದು ನಿಂತಿದ್ದ ಸ್ಕೌಟ್ ಹುಡುಗನೇ ಹಗ್ಗ ಬಿಸಾಡಿ ಒಳಗೆ ಓಡಿರುತ್ತಾನೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಆಗುವುದೂ ಅದೇ. ಅಳತೆ ಮಾತ್ರ ಬೇರೆ. ಇದು ನಾವು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಗುದ್ದಾಡುವ ಆಟ. ಆಡುವವರು ವಿದ್ಯಾರ್ಥಿಗಳು, ನೋಡುವವರು ಇಡೀ ರಾಜ್ಯ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಟೆನೆಸ್ಸಿ ವಿಶ್ವವಿದ್ಯಾಲಯದ ನೇಲ್ಯಾಂಡ್ ಕ್ರೀಡಾಂಗಣದಲ್ಲಿ 1,01,915. ಚಿನ್ನಸ್ವಾಮಿಯಂಥ ಎರಡೂವರೆ ಕ್ರೀಡಾಂಗಣ ಒಂದು ಕಾಲೇಜಿನ ಅಂಗಳದಲ್ಲಿದೆ ಎಂದುಕೊಳ್ಳಿ. ವರ್ಷಕ್ಕೆ ಸ್ವಂತ ನೆಲದಲ್ಲಿ ಆಡುವುದು ಆರೋ ಏಳೋ ಪಂದ್ಯ. ಎಂದೂ ಸೋಲದ ಎದುರಾಳಿಯನ್ನು ಆ ಆರೇಳರಲ್ಲಿ ಒಂದರಲ್ಲಿ ಕೆಡವಿದರೆ ಕುಳಿತು ಚಪ್ಪಾಳೆ ತಟ್ಟಿ ಮನೆಗೆ ಹೋಗು ಎಂದು ಇಪ್ಪತ್ತು ವರ್ಷದ ಹುಡುಗನಿಗೆ ಹೇಳುವವರು ಯಾರು?

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 2022ರ ಅಕ್ಟೋಬರ್ 15. ಟೆನೆಸ್ಸಿ ತಂಡ ಅಲಬಾಮದ ಕೈಯಲ್ಲಿ ಸತತ ಹದಿನೈದು ವರ್ಷ ಸೋತಿತ್ತು. ಅಂದರೆ ಆ ರಾತ್ರಿ ಗ್ಯಾಲರಿಯಲ್ಲಿದ್ದ ವಿದ್ಯಾರ್ಥಿಗಳು ಒಂದನೇ ತರಗತಿಗೆ ಸೇರುವ ಮೊದಲಿನಿಂದ ಗೆಲುವು ಎಂದರೇನೆಂದು ಕಂಡವರಲ್ಲ. 49-49ರಲ್ಲಿ ಸಮ. ಗಡಿಯಾರದಲ್ಲಿ ಕೊನೆಯ ಕ್ಷಣಗಳು. 40 ಗಜ ದೂರದಿಂದ ಟೆನೆಸ್ಸಿಯವನು ಒದ್ದ ಚೆಂಡು ಓಲಾಡುತ್ತಾ, ಈಗ ಬಿತ್ತು ಆಗ ಬಿತ್ತು ಎನ್ನುವ ಹಾಗೆ ಗೋಲ್‌ಪೋಸ್ಟಿನ ಅಡ್ಡಕಂಬಿಯ ಮೇಲಿಂದ ಹೋಯಿತು. 52-49. ಮುಂದಿನ ಕೆಲವು ನಿಮಿಷಗಳಲ್ಲಿ ಹಸಿರು ಹುಲ್ಲು ಟೆನೆಸ್ಸಿ ಅಭಿಮಾನಿಗಳ ಅಂಗಿಯ ಕಿತ್ತಳೆ ಬಣ್ಣವಾಯಿತು. ಎರಡೂ ತುದಿಯ ಗೋಲ್‌ಪೋಸ್ಟ್‌ಗಳು ಬುಡ ಸಹಿತ ಎದ್ದವು, ತೇರಿನ ಮಿಣಿ ಹಿಡಿದವರಂತೆ ಸಾಲುಗಟ್ಟಿ ಹೊತ್ತವರ ತಲೆಯ ಮೇಲೆ ಕ್ರೀಡಾಂಗಣದ ಹೊರಗೆ ಹೋದವು, ಟೆನೆಸ್ಸಿ ನದಿಗೆ ಬಿದ್ದವು. ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ದಂಡ ಬಿತ್ತು. ಆಡಳಿತ ಕೋಪಗೊಂಡಿತೇ? ಇಲ್ಲ. ಹೊಸ ಗೋಲ್‌ಪೋಸ್ಟ್ ಬೇಕು, ಚಂದಾ ಕೊಡಿ ಎಂದು ಒಂದೂವರೆ ಲಕ್ಷ ಡಾಲರ್‌ನ ಗುರಿಯಿಟ್ಟು ಅಭಿಮಾನಿಗಳ ಮುಂದೆ ಕೈಚಾಚಿತು. ಅಭಿಮಾನಿಗಳು ಸಂತೋಷದಿಂದಲೇ ಕೊಟ್ಟರು.

ತಡೆಯಲು ಆಗುವುದಿಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತು. ತಡೆಯುವ ಮನಸ್ಸು ಪೂರ್ತಿಯಾಗಿ ಇಲ್ಲ. ಮೈದಾನ ತುಂಬಿದ ಆ ಒಂದು ಚಿತ್ರ ಮುಂದಿನ ಹತ್ತು ವರ್ಷ ಕಾಲೇಜಿನ ಜಾಹೀರಾತಿಗೆ ಬರುತ್ತದೆ. ಹೊಸ ಆಟಗಾರರನ್ನು ಸೆಳೆಯಲು ಹೋಗುವ ತರಬೇತುದಾರನ ಮೊಬೈಲಿನಲ್ಲಿ ಮೊದಲು ತೆರೆದುಕೊಳ್ಳುವುದು ಅದೇ.

ಈಗ ನಿಯಮದ ವಿಚಾರ. ದಕ್ಷಿಣದ ಕಾಲೇಜು ತಂಡಗಳ ದೊಡ್ಡ ಒಕ್ಕೂಟ ಸೌತ್‌ಈಸ್ಟರ್ನ್ ಕಾನ್ಫರೆನ್ಸ್. ಎಲ್ಲರೂ ಎಸ್‌ಇಸಿ ಎನ್ನುತ್ತಾರೆ. ಟೆನೆಸ್ಸಿ, ಅಲಬಾಮ, ಜಾರ್ಜಿಯಾ ಎಲ್ಲವೂ ಅದರೊಳಗಿವೆ. ಪ್ರೇಕ್ಷಕರು ಆಟದ ಅಂಗಳಕ್ಕೆ ಇಳಿಯಬಾರದು, ಇಳಿದರೆ ಕಾಲೇಜು ದಂಡ ತೆರಬೇಕು ಎಂದು ಅದು 2004ರಲ್ಲಿಯೇ ನಿಯಮ ಮಾಡಿತು. ಆಗಿನ ಮೊದಲ ದಂಡ 5,000 ಡಾಲರ್. ನಗಬೇಡಿ. 2015ರಲ್ಲಿ ಮೊದಲ ಸಲಕ್ಕೆ 50,000, ಎರಡನೆಯದಕ್ಕೆ ಒಂದು ಲಕ್ಷ, ಮೂರನೆಯದಕ್ಕೆ ಎರಡೂವರೆ ಲಕ್ಷ ಎಂದಾಯಿತು. 2023ರಲ್ಲಿ ಅದೂ ಏರಿ ಒಂದು ಲಕ್ಷ, ಎರಡೂವರೆ ಲಕ್ಷ, ಐದು ಲಕ್ಷ. ಜೊತೆಗೊಂದು ಚಮತ್ಕಾರದ ಷರತ್ತು: ಒಕ್ಕೂಟದೊಳಗಿನ ಪಂದ್ಯವಾದರೆ ದಂಡದ ಹಣ ಎದುರಾಳಿ ಕಾಲೇಜಿಗೆ ಹೋಗುತ್ತದೆ. ಸೋತವರಿಗೆ ಪರಿಹಾರ ಎನ್ನಿ, ಗಾಯದ ಮೇಲೆ ಉಪ್ಪು ಎನ್ನಿ, ನಿಮ್ಮಿಷ್ಟ.

ದಂಡಕ್ಕೆ ಯಾರೂ ಹೆದರಲಿಲ್ಲ. 2024ರ ಅಕ್ಟೋಬರ್ 5ರಂದು ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್, ಈ ಆಟದಲ್ಲಿ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ತಂಡ, ದೇಶದ ಒಂದನೇ ಸ್ಥಾನದಲ್ಲಿದ್ದ ಅಲಬಾಮವನ್ನು 40-35ರಿಂದ ಸೋಲಿಸಿತು. ಹುಡುಗರು ಗೋಲ್‌ಪೋಸ್ಟ್ ಕಿತ್ತು, ಸುಮಾರು ನಾಲ್ಕು ಕಿಲೋಮೀಟರ್ ಪೇಟೆಯ ನಡುವೆ ಹೊತ್ತುಕೊಂಡು ಹೋಗಿ ಕಂಬರ್‌ಲ್ಯಾಂಡ್ ನದಿಗೆ ಇಳಿಸಿದರು. ನಮ್ಮಲ್ಲಿ ಗಣಪತಿ ಬಿಡುವ ಹಾಗೆಯೇ. ದಂಡ ಒಂದು ಲಕ್ಷ ಡಾಲರ್. ವಿಶ್ವವಿದ್ಯಾಲಯ ಗೋಲ್‌ಪೋಸ್ಟನ್ನು ತುಂಡು ಮಾಡಿ ನೆನಪಿನ ಕಾಣಿಕೆಯೆಂದು ಮಾರಿತು. ವರ್ಷಕ್ಕೆ ಹತ್ತು ಕೋಟಿ ಡಾಲರ್ ಮೀರಿ ವಹಿವಾಟು ಮಾಡುವ ಕ್ರೀಡಾ ವಿಭಾಗಗಳಿಗೆ ಒಂದು ಲಕ್ಷ ಎಂದರೆ ಮದುವೆ ಮನೆಯಲ್ಲಿ ಬಾಳೆ ಎಲೆಯ ಖರ್ಚು.

ಹಾಗಾದರೆ ಪೊಲೀಸರು? ಒಬ್ಬನೇ ಹುಡುಗ ಪಂದ್ಯದ ನಡುವೆ ಮೈದಾನಕ್ಕೆ ಓಡಿದರೆ ನಾಲ್ಕು ಜನ ಸೇರಿ ನೆಲಕ್ಕೆ ಕೆಡವಿ, ಕೈಗೆ ಕೋಳ ಹಾಕಿ, ಅತಿಕ್ರಮ ಪ್ರವೇಶದ ಪ್ರಕರಣ ಹೂಡುತ್ತಾರೆ. ಹತ್ತು ಸಾವಿರ ಹುಡುಗರು ಓಡಿದರೆ ಅದೇ ಪೊಲೀಸರು ಮೂರು ಕೆಲಸಕ್ಕೆ ಇಳಿಯುತ್ತಾರೆ: ಅತಿಥಿ ತಂಡವನ್ನು ಹೊರಗೆ ಸಾಗಿಸುವುದು, ಅಂಪೈರುಗಳನ್ನು ಹೊರಗೆ ಸಾಗಿಸುವುದು, ಬಿದ್ದವರನ್ನು ಎತ್ತುವುದು. ಇದು ಹೇಡಿತನವಲ್ಲ, ಮೇಷ್ಟರೇ. ಇಳಿದ ಜನವನ್ನು ಲಾಠಿಯಿಂದ ಹಿಂದಕ್ಕೆ ತಳ್ಳಿದರೆ ಅವರು ಹೋಗುವುದು ಎಲ್ಲಿಗೆ? ಹಿಂದೆ ಗೋಡೆ; ಗೋಡೆಯ ಮೇಲಿಂದ ಇನ್ನೂ ಇಳಿಯುತ್ತಿರುವವರು.

ನಿಮ್ಮ ಮನೆಯವರ ಭಯಕ್ಕೆ ಉತ್ತರ ಈ ಗೋಡೆಯಲ್ಲಿಯೇ ಇದೆ. ವಿಡಿಯೊದಲ್ಲಿ ಅವರು ಕಂಡದ್ದು ಮೈದಾನದ ನಡುವಿನ ಗುಂಪನ್ನು. ಅಪಾಯ ಅಲ್ಲಿ ಕಡಿಮೆ. ಲೆಕ್ಕ ಹಾಕಿ: ಆ ಅಂಗಳ 120 ಗಜ ಉದ್ದ, 53 ಗಜ ಚಿಲ್ಲರೆ ಅಗಲ, ಸುಮಾರು 5,300 ಚದರ ಮೀಟರ್. ಅಕ್ಕಪಕ್ಕದ ಪಟ್ಟಿಗಳೂ ಸೇರಿದರೆ ಇನ್ನೂ ಹೆಚ್ಚು. ಹತ್ತು ಸಾವಿರ ಜನ ಇಳಿದರೂ ಚದರ ಮೀಟರಿಗೆ ಇಬ್ಬರು. ತೋಳು ಚಾಚಿ ಕುಣಿಯಬಹುದು. ಚದರ ಮೀಟರಿಗೆ ನಾಲ್ಕು ಜನ ದಾಟಿದ ಮೇಲೆ ನಮ್ಮಂಥವರು ಎದ್ದು ನಿಲ್ಲುತ್ತೇವೆ; ಆರೇಳು ಆದರೆ ಆ ಗುಂಪು ಜನರ ಹಾಗೆ ವರ್ತಿಸುವುದಿಲ್ಲ, ನೀರಿನ ಹಾಗೆ ವರ್ತಿಸುತ್ತದೆ. ಹಿಂದೆ ಒಬ್ಬ ತಳ್ಳಿದರೆ ಮುಂದೆ ಹತ್ತು ಮೀಟರ್ ಆಚೆ ಅಲೆ ಬಡಿಯುತ್ತದೆ. ಕಾಲು ನೆಲ ಬಿಡುತ್ತದೆ. ಇಂಥ ಕಡೆ ಸಾಯುವವರಲ್ಲಿ ಬಹಳ ಮಂದಿ ಕಾಲ್ತುಳಿತದಿಂದ ಸಾಯುವುದಿಲ್ಲ; ನಿಂತಲ್ಲೇ ಎದೆ ಒತ್ತಿ, ಉಸಿರು ಎಳೆದುಕೊಳ್ಳಲು ಪಕ್ಕೆಲುಬು ಅಗಲಿಸಲಾಗದೆ ಸಾಯುತ್ತಾರೆ. ಪತ್ರಿಕೆಗಳು ಎಲ್ಲದಕ್ಕೂ ಕಾಲ್ತುಳಿತ ಎಂದೇ ಬರೆಯುತ್ತವೆ. ಆ ಪದ ನನಗೆ ಹಿಡಿಸುವುದಿಲ್ಲ, ಏಕೆಂದರೆ ಅದು ತಪ್ಪನ್ನು ಓಡಿದವರ ಕಾಲಿಗೆ ಕಟ್ಟುತ್ತದೆ, ಮುಚ್ಚಿದ ಗೇಟನ್ನು ಮರೆಸುತ್ತದೆ. 2025ರ ಜೂನ್ 4ರಂದು ಬೆಂಗಳೂರಿನಲ್ಲಿ 11 ಜೀವ ಹೋದದ್ದು ಕ್ರೀಡಾಂಗಣದೊಳಗಿನ ಹುಲ್ಲಿನ ಮೇಲಲ್ಲ, ಹೊರಗೆ, ಗೇಟುಗಳ ಬಳಿ ಎಂಬುದನ್ನು ನೆನಪಿಸಿಕೊಳ್ಳಿ.

ಅಮೆರಿಕದಲ್ಲಿ ಈ ಪಾಠ ಕಲಿಸಿದ್ದು 1993ರ ಅಕ್ಟೋಬರ್ 30. ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣ. ಆತಿಥೇಯರು ಮಿಷಿಗನ್ ತಂಡವನ್ನು 13-10ರಿಂದ ಗೆದ್ದರು. ವಿದ್ಯಾರ್ಥಿಗಳ ಭಾಗದಿಂದ ಜನ ಕೆಳಕ್ಕೆ ಹರಿಯಿತು. ಕೆಳಗಿನ ಸಾಲಿನವರು ಕಬ್ಬಿಣದ ಕಂಬಿಗೂ ಜಾಲರಿ ಬೇಲಿಗೂ ಒತ್ತಿಹೋದರು. ಮೇಲಿನ ಸಾಲಿನವರಿಗೆ ಕೆಳಗೇನಾಗುತ್ತಿದೆಯೆಂದು ಕಾಣುತ್ತಿರಲಿಲ್ಲ; ಅವರು ಹಾಡುತ್ತಾ ಇಳಿಯುತ್ತಲೇ ಇದ್ದರು. ಕಂಬಿ ಕಿತ್ತುಬಂತು. ಸುಮಾರು 70 ಜನ ಗಾಯಗೊಂಡರು, ಹಲವರಿಗೆ ಉಸಿರೇ ನಿಂತಿತ್ತು. ಯಾರೂ ಸಾಯಲಿಲ್ಲ ಎಂಬುದು ಪವಾಡ. ಆ ಪವಾಡ ಮಾಡಿದವರಲ್ಲಿ ಆಗಷ್ಟೇ ಪಂದ್ಯ ಮುಗಿಸಿದ ಆಟಗಾರರೂ ಇದ್ದರು. ಭುಜದ ಕವಚ ಕಳಚದೆಯೇ ಹಿಂದಿರುಗಿ ಬಂದು ಹುಡುಗರನ್ನು ರಾಶಿಯಿಂದ ಒಬ್ಬೊಬ್ಬರನ್ನಾಗಿ ಎಳೆದು ತೆಗೆದರು.

ಅದಕ್ಕೂ ನಾಲ್ಕು ವರ್ಷ ಮೊದಲು, 1989ರ ಏಪ್ರಿಲ್ 15ರಂದು, ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಅದೃಷ್ಟ ಕೈಕೊಟ್ಟಿತ್ತು. ಪ್ರೇಕ್ಷಕರು ಮೈದಾನಕ್ಕೆ ಇಳಿಯಬಾರದೆಂದೇ ಕಟ್ಟಿದ ಎತ್ತರದ ಬೇಲಿಯ ಹಿಂದೆ, ದನದ ದೊಡ್ಡಿಯಂಥ ಜಾಗದಲ್ಲಿ ಸಿಕ್ಕಿಬಿದ್ದು 97 ಜನ ಪ್ರಾಣ ಬಿಟ್ಟರು. ಆಚೆ ಪಕ್ಕ ಖಾಲಿ ಹುಲ್ಲು. ಇಂಗ್ಲೆಂಡ್ ಆಮೇಲೆ ಬೇಲಿ ತೆಗೆಸಿತು, ಮೈದಾನಕ್ಕೆ ಇಳಿಯುವುದನ್ನು 1991ರ ಕಾನೂನಿನಲ್ಲಿ ಅಪರಾಧ ಮಾಡಿತು. ಇಳಿದರೆ ಮೊಕದ್ದಮೆ, ಆದರೆ ಇಳಿಯಲೇಬೇಕಾದ ಕ್ಷಣದಲ್ಲಿ ದಾರಿ ಮುಚ್ಚಿರುವುದಿಲ್ಲ. ಇದರಲ್ಲಿ ವಿವೇಕವಿದೆ.

ನನ್ನದೇ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ವಿದ್ಯಾರ್ಥಿಗಳ ಭಾಗದ ಬುಡದಲ್ಲಿ, ಎರಡು ಮೀಟರ್ ಅಗಲದ ಗೇಟಿಗೆ ನಾನೂ ಇನ್ನೊಬ್ಬರೂ ಕಾವಲು. ಅವರು ಶಾಲಾ ಬಸ್ ಓಡಿಸಿ ನಿವೃತ್ತರಾದವರು, ಅರವತ್ತೈದು ದಾಟಿತ್ತು. ಗೇಟಿಗೆ ಸರಪಳಿ, ಬೀಗ. ಪಂದ್ಯ ಮುಗಿಯಲು ಒಂದು ನಿಮಿಷ ಇರುವಾಗಲೇ ಮೇಲಿನ ಮೆಟ್ಟಿಲುಗಳು ಬರಿದಾಗಿ ಕೆಳಗಿನ ಸಾಲುಗಳು ತುಂಬತೊಡಗಿದವು. ರೇಡಿಯೊದಲ್ಲಿ ಒಂದೇ ಮಾತು: ಹಿಡಿದುಕೊಳ್ಳಿ, ಬಿಡಬೇಡಿ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಮೊದಲು ನಗುತ್ತಿದ್ದಳು. ಆಮೇಲೆ ಕೂಗಿದಳು. ಆಮೇಲೆ ಸುಮ್ಮನಾದಳು. ಆ ಸುಮ್ಮನಿರುವಿಕೆಗೇ ನಾನು ಬೆಚ್ಚಿದ್ದು. ಕೂಗುವುದಕ್ಕೆ ಎದೆಯಲ್ಲಿ ಗಾಳಿ ಇರಬೇಕಲ್ಲ. ಅವಳ ಎರಡೂ ಅಂಗೈ ಕಂಬಿಯ ಮೇಲೆ ಬಿಳಿಚಿಕೊಂಡಿದ್ದವು. ಬೀಗದ ಕೈ ಇದ್ದ ಮೇಲ್ವಿಚಾರಕ ಮೈದಾನದ ಆಚೆ ತುದಿಯಲ್ಲಿ, ಅತಿಥಿ ತಂಡದ ಜೊತೆ. ಬಸ್ ಚಾಲಕರು ನನ್ನ ಮುಖ ನೋಡಿದರು, ಗೇಟಿನ ಕೀಲುಕಂಬಿಯನ್ನು ಬೂಟಿನಿಂದ ಮೂರು ಸಲ ಒದ್ದರು. ಮೂರನೆಯದಕ್ಕೆ ಅದು ಮೇಲೆ ಹಾರಿತು, ಗೇಟು ಬೀಗ ಸಮೇತ ಅಡ್ಡ ಬಿತ್ತು. ಜನ ಹರಿದುಹೋಯಿತು. ಹುಡುಗಿ ಹುಲ್ಲಿನ ಮೇಲೆ ಮಂಡಿಯೂರಿ ಕುಳಿತು ಕೆಮ್ಮಿದಳು, ಎದ್ದಳು, ಒಂದೇ ಕಾಲಿನಲ್ಲಿ ಬೂಟು ಹಾಕಿಕೊಂಡು ಗೆಳತಿಯರ ಹಿಂದೆ ಓಡಿದಳು. ಮರುದಿನ ನಮ್ಮಿಬ್ಬರಿಗೂ ಆಜ್ಞೆ ಮೀರಿದ ನೋಟಿಸ್ ಬಂತು. ಅದೇ ದಿನ ಗ್ಯಾಲರಿಯ ಬುಡದಲ್ಲಿ ಆಯ್ದ ವಸ್ತುಗಳನ್ನು ಪಟ್ಟಿ ಮಾಡಿದೆ: ಒಂಟಿ ಬೂಟು ಹತ್ತೊಂಬತ್ತು, ಕನ್ನಡಕ ಏಳು, ಆಸ್ತಮಾದ ಇನ್‌ಹೇಲರ್ ಎರಡು, ಯಾರದೋ ಅಜ್ಜನ ಶ್ರವಣಸಾಧನ ಒಂದು. ಹತ್ತೊಂಬತ್ತು ಒಂಟಿ ಬೂಟು ಎಂದರೆ ಹತ್ತೊಂಬತ್ತು ಜನರ ಕಾಲು ನೆಲ ಬಿಟ್ಟಿತ್ತು ಎಂದು ಅರ್ಥ.

ನಿಮ್ಮ ಕಡೆಯವರಿಗೆ ಕೆರೆಯ ಮಾತು ಬೇಗ ಹಿಡಿಯುತ್ತದೆ. ಏರಿ ಎಷ್ಟೇ ಗಟ್ಟಿಯಿರಲಿ, ಕೋಡಿ ಇಲ್ಲದಿದ್ದರೆ ಒಂದು ಮಳೆಗಾಲ ಒಡೆಯುತ್ತದೆ. ಕೋಡಿಗೆ ಲೆಕ್ಕ ಉಂಟು. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ತೊಂದರೆಯಿಲ್ಲದೆ ದಾಟುತ್ತಾರೆ ಎಂದು ನಮ್ಮ ವೃತ್ತಿಯಲ್ಲಿ ಹಿಡಿಯುತ್ತೇವೆ. ಮೆಟ್ಟಿಲಾದರೆ ಅದಕ್ಕಿಂತ ಕಡಿಮೆ. ಎರಡು ಮೀಟರ್ ಅಗಲದ ಐದು ಗೇಟುಗಳನ್ನು ತೆರೆದರೆ ನಿಮಿಷಕ್ಕೆ 800. ಹತ್ತು ಸಾವಿರ ವಿದ್ಯಾರ್ಥಿಗಳು ಹದಿಮೂರು ನಿಮಿಷದೊಳಗೆ ಯಾರ ಪಕ್ಕೆಲುಬೂ ಮುರಿಯದೆ ಹುಲ್ಲಿನ ಮೇಲಿರುತ್ತಾರೆ. ಹದಿಮೂರು ನಿಮಿಷ! ಮದುವೆಯ ಊಟಕ್ಕೆ ಇದಕ್ಕಿಂತ ಹೆಚ್ಚು ಕಾಯುತ್ತೇವೆ.

ಈ ಮಾತನ್ನು ಒಕ್ಕೂಟಗಳು ಈಚೆಗೆ ಒಪ್ಪಿಕೊಂಡಿವೆ ಎಂಬುದೇ ನನಗೆ ಸಮಾಧಾನ. 2025ರಲ್ಲಿ ಎಸ್‌ಇಸಿ ಮೆಟ್ಟಿಲು ಮೆಟ್ಟಿಲಾಗಿ ಏರುವ ದಂಡವನ್ನು ಕೈಬಿಟ್ಟು, ಪ್ರತಿ ಸಲಕ್ಕೂ ನೇರವಾಗಿ ಐದು ಲಕ್ಷ ಡಾಲರ್ ಎಂದಿತು. ಆದರೆ ಅತಿಥಿ ತಂಡವೂ ಅಂಪೈರುಗಳೂ ಹೊರಗೆ ಹೋಗುವವರೆಗೆ ಜನವನ್ನು ಹಿಡಿದಿಟ್ಟುಕೊಂಡರೆ ದಂಡವನ್ನು ಮನ್ನಾ ಮಾಡಬಹುದು ಎಂದೂ ಸೇರಿಸಿತು. ಪೂರ್ವ ತೀರದ ಎಸಿಸಿ ಒಕ್ಕೂಟ ಅದೇ ವರ್ಷ ತಂದ ನಿಯಮದ ತಿರುಳೂ ಇದೇ; ಅಲ್ಲಿ ದಂಡ 50,000ದಿಂದ ಶುರುವಾಗಿ ಎರಡು ಲಕ್ಷದವರೆಗೆ ಏರುತ್ತದೆ. ಅಂದರೆ ಪ್ರಶ್ನೆ ಇಳಿಯುವುದೋ ಬೇಡವೋ ಎಂಬಲ್ಲಿಂದ ಯಾವಾಗ ಇಳಿಯುವುದು ಎಂಬಲ್ಲಿಗೆ ಬಂತು. ಇಪ್ಪತ್ತು ವರ್ಷ ಹಿಡಿಯಿತು. ಇರಲಿ.

ಹಾಗೆ ನೋಡಿದರೆ ದಾರಿ ಕಣ್ಣೆದುರೇ ಇತ್ತು. ಸೌತ್ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಪಂದ್ಯ ಮುಗಿದ ಮೇಲೆ ಪ್ರೇಕ್ಷಕರು ಮೈದಾನಕ್ಕೆ ಇಳಿಯುವುದು ಹಳೆಯ ಪದ್ಧತಿ. ನಡುವೆ ಬಿಡಿಸಿರುವ ಹುಲಿಯ ಹೆಜ್ಜೆಯ ಗುರುತಿನ ಸುತ್ತ ಸೇರಿ, ಆಟಗಾರರ ಜೊತೆ ನಿಂತು ಕಾಲೇಜಿನ ಹಾಡು ಹಾಡುತ್ತಾರೆ. ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಪ್ರತಿ ಸಲ ಇಳಿಯಲು ಸಿಗುತ್ತದೆಂದು ಗೊತ್ತಿರುವುದರಿಂದ ಯಾರಿಗೂ ಮೊದಲು ಇಳಿಯುವ ಅವಸರವಿಲ್ಲ. ನಮ್ಮಲ್ಲಿ ದೇವಸ್ಥಾನದ ಬಾಗಿಲು ತೆಗೆಯುವ ಹೊತ್ತು ಖಚಿತವಿದ್ದರೆ ಸಾಲು ತಾನಾಗಿ ನಿಲ್ಲುತ್ತದೆ; ತೆಗೆಯುತ್ತಾರೋ ಇಲ್ಲವೋ ಎಂಬ ಅನುಮಾನ ಬಂದಾಗಲೇ ನೂಕುನುಗ್ಗಲು.

ಕಾಯಿಸುವುದಕ್ಕೆ ಇನ್ನೊಂದು ಕಾರಣ, ಸೋತವರು. ನುಗ್ಗಿದ ಗುಂಪಿನಲ್ಲಿ ಸಿಕ್ಕಿಕೊಂಡ ಸೋತ ಆಟಗಾರನ ಸ್ಥಿತಿ ಯೋಚಿಸಿ. ಮೈಯೆಲ್ಲ ನೋವು, ಕಿವಿಗೆ ಬಾಯಿ ಇಟ್ಟು ಮೂದಲಿಸುವ ಅಪರಿಚಿತರು, ಮುಖಕ್ಕೆ ಹಿಡಿದ ಮೊಬೈಲುಗಳು. ಕೈ ಎತ್ತಿದರೆ ಅವನ ಭವಿಷ್ಯಕ್ಕೇ ಕುತ್ತು. ಬ್ಯಾಸ್ಕೆಟ್‌ಬಾಲ್ ಅಂಗಳ ಚಿಕ್ಕದಾದ್ದರಿಂದ ಅಲ್ಲಿ ಇನ್ನೂ ಕಷ್ಟ: 2024ರ ಜನವರಿಯಲ್ಲಿ ಒಹಾಯೊದಲ್ಲಿ ಸೋತು ಹೊರಡುತ್ತಿದ್ದ ಅಯೋವಾ ತಂಡದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅವರಿಗೆ ಓಡಿಬಂದ ಅಭಿಮಾನಿಯೊಬ್ಬಳು ಡಿಕ್ಕಿ ಹೊಡೆದು ಕೆಡವಿದಳು. ಮುಂದಿನ ತಿಂಗಳೇ ಡ್ಯೂಕ್ ತಂಡದ ಕೈಲ್ ಫಿಲಿಪೌಸ್ಕಿ ಮೊಣಕಾಲು ಹಿಡಿದುಕೊಂಡು ಸಹ ಆಟಗಾರರ ಆಸರೆಯಲ್ಲಿ ಅಂಗಳ ದಾಟಬೇಕಾಯಿತು.

ಅವಸರದ ಕಥೆಗಳಲ್ಲಿ ತಮಾಷೆಯವೂ ಇವೆ. 2024ರ ನವೆಂಬರ್ 23ರಂದು ಅರಿಜೋನ ಸ್ಟೇಟ್‌ನ ಹುಡುಗರು ಪಂದ್ಯ ಮುಗಿಯಿತೆಂದು ಮೈದಾನ ತುಂಬಿ ಕುಣಿದರು. ಗಡಿಯಾರ ನೋಡಿದರೆ ಒಂದು ಸೆಕೆಂಡ್ ಉಳಿದಿತ್ತು! ಬ್ರಿಗಮ್ ಯಂಗ್ ತಂಡಕ್ಕೆ ಕೊನೆಯ ಒಂದು ಆಟ ಬಾಕಿ. ಎಲ್ಲರನ್ನೂ ಹಿಂದಕ್ಕೆ ಕಳಿಸಿ, ಅಂಗಳ ಬರಿದು ಮಾಡಿ, ಆ ಒಂದು ಸೆಕೆಂಡನ್ನು ಆಡಿಸಿದರು. ದೂರದಿಂದ ಎಸೆದ ಚೆಂಡನ್ನು ಹಿಡಿದವನನ್ನು ಗೆರೆಗೆ ಸ್ವಲ್ಪ ಮೊದಲೇ ಕೆಡವಿದರು, ಇಲ್ಲದಿದ್ದರೆ ಕುಣಿದವರ ಮುಖ ನೋಡುವಂತಿರುತ್ತಿರಲಿಲ್ಲ. 28-23ರಿಂದ ಗೆದ್ದರು, ಮತ್ತೆ ನುಗ್ಗಿದರು. ಇನ್ನೂ ಹಳೆಯದೊಂದಿದೆ: 1982ರ ನವೆಂಬರ್ 20ರಂದು ಸ್ಟ್ಯಾನ್‌ಫರ್ಡ್ ಕಾಲೇಜಿನ ಬ್ಯಾಂಡಿನವರು ಗೆದ್ದೆವೆಂದು ವಾದ್ಯ ಸಮೇತ ಒಳಗೆ ನುಗ್ಗಿದರು. ಪಂದ್ಯ ಇನ್ನೂ ನಡೆದೇ ಇತ್ತು. ಬರ್ಕ್ಲಿಯ ಆಟಗಾರ ವಾದ್ಯಗಾರರ ನಡುವೆಯೇ ಓಡಿ ಗೆರೆ ದಾಟಿದ. ಕೊನೆಯಲ್ಲಿ ಅವನು ಡಿಕ್ಕಿ ಹೊಡೆದದ್ದು ಟ್ರೊಂಬೋನ್ ಊದುವವನಿಗೆ. ಸ್ಟ್ಯಾನ್‌ಫರ್ಡ್ 25-20ರಿಂದ ಸೋತಿತು.

ನಗು ಬಾರದ ವಿಷಯ ಗೋಲ್‌ಪೋಸ್ಟ್. ಹತ್ತು ಅಡಿ ಎತ್ತರದ ಅಡ್ಡಕಂಬಿ, ಅದರ ಮೇಲೆ ಇನ್ನೂ ಇಪ್ಪತ್ತು ಅಡಿ ಎದ್ದು ನಿಂತ ಎರಡು ಕಂಬಗಳು. ಜೋತುಬಿದ್ದವರ ಭಾರಕ್ಕೆ ಅಲ್ಯೂಮಿನಿಯಂ ನಿಧಾನವಾಗಿ ಬಾಗುತ್ತದೆ, ಬಾಗುತ್ತದೆ, ಆಮೇಲೆ ಒಮ್ಮೆಲೇ ಮುರಿದು ಬೀಳುತ್ತದೆ. ಯಾವ ಕಡೆಗೆ ಎಂದು ಹೇಳಲಾಗದು. 2001ರಲ್ಲಿ ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೀಗೆ ಬಿದ್ದ ಕಂಬ ಒಬ್ಬ ವಿದ್ಯಾರ್ಥಿಯ ಬೆನ್ನುಹುರಿ ಮುರಿಯಿತು. ಅವನು ಮತ್ತೆ ನಡೆಯಲಿಲ್ಲ. 2005ರಲ್ಲಿ ಮಿನೆಸೊಟಾದ ಮಾರಿಸ್ ಕಾಲೇಜಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಸತ್ತೇ ಹೋದ. ಈಗ ಕೆಲವು ಕಡೆ ಬುಡದಲ್ಲಿ ಕೀಲಿರುವ ಗೋಲ್‌ಪೋಸ್ಟ್‌ಗಳಿವೆ. ಪಂದ್ಯ ಮುಗಿಯುತ್ತಲೇ ಸಿಬ್ಬಂದಿಯೇ ಅದನ್ನು ಒಂಟೆಯ ಹಾಗೆ ಮಲಗಿಸಿಬಿಡುತ್ತಾರೆ. ಕಾಲೇಜು ಖರ್ಚು ಮಾಡುವುದಿದ್ದರೆ ಬೇಲಿಯ ಎತ್ತರಕ್ಕಿಂತ ಈ ಕೀಲಿಗೆ ಮಾಡಲಿ ಎನ್ನುವವನು ನಾನು.

ವೀಸಾ. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ಸಾವಿರಾರು ಜನರೊಂದಿಗೆ ಇಳಿದು, ನಿಂತು, ಹಾಡಿ, ಹಿಂದಿರುಗಿದ್ದಕ್ಕೆ ಯಾರನ್ನೂ ಹುಡುಕಿಕೊಂಡು ಬಂದದ್ದನ್ನು ನಾನು ಕಂಡಿಲ್ಲ. ಅವನು ಹುಲ್ಲು ಕಿತ್ತದ್ದಕ್ಕೂ ಯಾರೂ ಬರುವುದಿಲ್ಲ. ಆದರೆ ಅದೇ ಗುಂಪಿನಲ್ಲಿ ಗೋಲ್‌ಪೋಸ್ಟ್ ಏರಿದವನು, ಪೊಲೀಸನ ಕೈ ಕೊಡವಿಕೊಂಡವನು, ಎದುರಾಳಿ ಆಟಗಾರನನ್ನು ತಳ್ಳಿದವನು ಬಂಧನಕ್ಕೆ ಒಳಗಾಗಬಹುದು. ಅಲ್ಲಿನ ಹುಡುಗನಿಗೆ ಅದು ಒಂದು ರಾತ್ರಿಯ ಠಾಣೆ, ಸಣ್ಣ ದಂಡ, ಗೆಳೆಯರ ನಡುವೆ ಹೇಳಿಕೊಳ್ಳುವ ಕಥೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲಿರುವ ನಮ್ಮ ಹುಡುಗನಿಗೆ ಹಾಗಲ್ಲ. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ ಎಂಬ ಪ್ರಶ್ನೆ ಪ್ರತಿ ವೀಸಾ ಅರ್ಜಿಯಲ್ಲೂ ಇರುತ್ತದೆ. ಪ್ರಕರಣ ಬಿದ್ದುಹೋಗಿದ್ದರೂ ಉತ್ತರ ಹೌದು. 2025ರ ವಸಂತದಲ್ಲಿ ಅಮೆರಿಕ ಸರ್ಕಾರ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ದಾಖಲೆಗಳನ್ನು ಏಕಾಏಕಿ ರದ್ದುಮಾಡಿತು. ಅವರಲ್ಲಿ ಭಾರತೀಯರೂ ಬಹಳ ಇದ್ದರು. ಹಲವರ ಮೇಲೆ ಇದ್ದದ್ದು ಸಂಚಾರ ನಿಯಮ ಮೀರಿದಂಥ ಸಣ್ಣ ಪ್ರಕರಣ, ಅಥವಾ ನ್ಯಾಯಾಲಯ ಎಂದೋ ಕೈಬಿಟ್ಟದ್ದು. ಮೊಕದ್ದಮೆಗಳು ಬಿದ್ದ ಮೇಲೆ ಏಪ್ರಿಲ್ ಕೊನೆಯಲ್ಲಿ ದಾಖಲೆಗಳನ್ನು ಮರಳಿ ಕೊಡತೊಡಗಿತು, ನಿಜ. ಆದರೆ ಆ ಕೆಲವು ವಾರ ಆ ಮನೆಗಳಲ್ಲಿ ಒಲೆ ಹೇಗೆ ಉರಿದಿರಬೇಕು? ಅಕಸ್ಮಾತ್ ಅಂಥದ್ದೇನಾದರೂ ಆದರೆ ಅವನು ಮೊದಲು ಹೋಗಬೇಕಾದದ್ದು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಮತ್ತು ವಲಸೆ ಕಾನೂನು ತಿಳಿದ ವಕೀಲರ ಬಳಿಗೆ. ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಅಲ್ಲ.

ಇನ್ನು ಮಗನಿಗೆ ಏನು ಹೇಳುವುದು? ಹೋಗಬೇಡ ಎಂದರೆ ಕೇಳುವುದಿಲ್ಲ, ನೀವೂ ಆ ವಯಸ್ಸಿನಲ್ಲಿ ಕೇಳಿರಲಿಕ್ಕಿಲ್ಲ. ಗೋಡೆ ಹಾರಬೇಡ ಎನ್ನಿ. ಆ ಗೋಡೆಗಳು ಬಹಳ ಕಡೆ ಆಳೆತ್ತರ ಇರುತ್ತವೆ, ಅಲ್ಲಿ ಮುರಿಯುವುದು ಹೆಚ್ಚಾಗಿ ಪಾದದ ಕೀಲು, ಅಮೆರಿಕದ ಆಸ್ಪತ್ರೆಯ ಬಿಲ್ಲು ಕಾಲಿಗಿಂತ ಹೆಚ್ಚು ನೋಯುತ್ತದೆ. ಮೇಲಿನ ಸಾಲಿನಲ್ಲಿಯೇ ಹತ್ತು ನಿಮಿಷ ಕುಳಿತು, ಮೆಟ್ಟಿಲು ಖಾಲಿಯಾದ ಮೇಲೆ ನಡೆದುಕೊಂಡು ಇಳಿಯಲಿ. ಸಂಭ್ರಮ ಅಷ್ಟು ಬೇಗ ಮುಗಿಯುವುದಿಲ್ಲ. ಗೋಲ್‌ಪೋಸ್ಟಿನಿಂದ ಕನಿಷ್ಠ ಹದಿನೈದು ಹೆಜ್ಜೆ ದೂರ. ಒತ್ತಡ ಬಂದರೆ ಕೈಗಳನ್ನು ಕುಸ್ತಿಯವನ ಹಾಗೆ ಎದೆಯ ಮುಂದೆ ಮಡಚಿ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಲಿ, ನೂಕಿಗೆ ಎದುರಾಗಿ ತಳ್ಳದೆ ಓರೆಯಾಗಿ ಬದಿಗೆ ಸರಿಯಲಿ. ಮೊಬೈಲ್ ಬಿದ್ದರೆ ಬಗ್ಗಬಾರದು. ಸಾವಿರ ಡಾಲರಿನದಾದರೂ ಬಗ್ಗಬಾರದು. ಬೂಟಿನ ದಾರ ಎರಡು ಗಂಟು. ಗೇಟಿನಲ್ಲಿ ಹಳದಿ ಜಾಕೆಟಿನವರು ನಿಲ್ಲಿ ಎಂದರೆ ನಿಲ್ಲಲಿ. ಹಾಗೆ ಹೇಳುತ್ತಿರುವವರು ಬಸ್ ಓಡಿಸಿ ನಿವೃತ್ತರಾದ ಯಾರೋ ಅಜ್ಜ ಇರಬಹುದು, ಅವರಿಗೆ ಗಂಟೆಗೆ ಸಿಗುವ ಕೂಲಿ ಮಗ ಪಂದ್ಯದಲ್ಲಿ ಕುಡಿದ ಕೋಲಾದ ಬೆಲೆಗಿಂತ ಬಹಳ ಹೆಚ್ಚೇನಲ್ಲ.

ಆ ಗಾಜಿನ ಲೋಟದ ಹುಲ್ಲು. ಊರಿಗೆ ತರುವುದು ಬೇಡ. ಬೇರಿಗೆ ಮಣ್ಣು ಹತ್ತಿದ ಸಸ್ಯವನ್ನು ಪರವಾನಗಿ ಇಲ್ಲದೆ ದೇಶದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ತರುವ ಅಗತ್ಯವೂ ಇಲ್ಲ. ದಕ್ಷಿಣದ ಬಹಳಷ್ಟು ಮೈದಾನಗಳಲ್ಲಿರುವುದು ಬರ್ಮುಡಾ ಹುಲ್ಲು. ಜಾರ್ಜಿಯಾದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ನಮ್ಮ ಗರಿಕೆಯನ್ನೇ ಆಫ್ರಿಕಾದ ಇನ್ನೊಂದು ಗರಿಕೆಯ ಜೊತೆ ಕೂಡಿಸಿ ಮಾಡಿದ ತಳಿ ಅಲ್ಲಿ ಬಹಳ ಬಳಕೆಯಲ್ಲಿದೆ. ನಿಮ್ಮ ಹಿತ್ತಿಲಲ್ಲಿ ಅದರ ದಾಯಾದಿ ಇದ್ದೇ ಇರುತ್ತದೆ. ಮುಂದಿನ ಚೌತಿಗೆ ನಿಮ್ಮ ಮನೆಯವರು ಇಪ್ಪತ್ತೊಂದು ಎಸಳು ಕೀಳುವಾಗ ಒಂದು ಫೋಟೊ ತೆಗೆದು ಅವನಿಗೆ ಕಳಿಸಿ.